ಹೊಳೆಯ ಸ್ವಂತ ಮೀನು: ಮಹಾಶೀರದ ಜೀವನಕ್ರಮವೂ ರಕ್ಷಣೆಯೂ

ಫಸಲೆಂದರೆ ನೆಲದ ಮೇಲೆ ಬೆಳೆಯುವದು ಮಾತ್ರವೆಂದು ತಿಳಿಯುವ ರೂಢಿಯುಂಟು. ಆದರೆ ಹೊಳೆಸಾಲಿನ ಊರುಗಳಿಗೆ ನೀರಿನೊಳಗೂ ಒಂದು ಫಸಲು ಇರುವದು. ಅದನ್ನು ಯಾರೂ ಬಿತ್ತಿದ್ದಿಲ್ಲ. ಅದಕ್ಕೆ ಯಾರೂ ಗೊಬ್ಬರ ಹಾಕಿದ್ದಿಲ್ಲ. ಹೊಳೆಯ ನೀರು ಹರಿಯುತ್ತ, ನಿರ್ಮಲವಾಗಿ ಇರುವವರೆಗೆ ಅದು ತಾನೇ ಹುಟ್ಟಿ ತಾನೇ ಬೆಳೆಯುವದು. ಹೊಳೆಯ ಸ್ವಂತ ಮೀನೇ ಈ ಫಸಲು. ಬಿತ್ತದೆ ಬಂದ ಫಸಲಿಗೆ ಬೆಲೆ ಕಟ್ಟುವವರು ಕಡಿಮೆ. ಆದ್ದರಿಂದ ಅದು ಕೆಡುತ್ತ ನಡೆದದ್ದು ಊರವರ ಲಕ್ಷ್ಯಕ್ಕೆ ಬರುವಷ್ಟರಲ್ಲಿ ಬಹಳ ತಡವಾಗಿರುವದು.

ಘಟಪ್ರಭೆಯೂ ಅದರ ಉಪನದಿಗಳಾದ ಹಿರಣ್ಯಕೇಶಿ, ಮಾರ್ಕಂಡೇಯಗಳೂ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹೊಲಗದ್ದೆಗಳಿಗೆ ನೀರು ಕೊಡತಕ್ಕ ಹೊಳೆಗಳು. ಇವೆಲ್ಲವೂ ಕೃಷ್ಣೆಯ ಕೂಟಕ್ಕೆ ಸೇರಿದವು. ಆ ಕೂಟಕ್ಕೆ ಸ್ವಂತವಾದ ಮೀನುಗಳೊಳಗೆ ಗಾತ್ರದಿಂದಲೂ ಬಲದಿಂದಲೂ ಹೆಸರಾದದ್ದು ಮಹಾಶೀರ. ಇದರ ಹುಟ್ಟು, ಬೆಳವಣಿಗೆ, ಇದಕ್ಕೆ ಬಂದಿರುವ ಕೇಡು, ಹೆಚ್ಚಿನ ವೆಚ್ಚವಿಲ್ಲದೆ ಊರಿನ ಹಿರಿಯರೂ ದಂಡೆಯ ಜಮೀನುದಾರರೂ ಮಾಡಬಹುದಾದ ಉಪಾಯ ಇವುಗಳನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೀನನ್ನು ಗುರುತಿಸುವ ಬಗೆ

ಶೀತದೇಶಗಳ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿಗೆ ಯಾವ ಸ್ಥಾನವಿರುವದೋ ನಮ್ಮ ನಾಡಿನ ಹೊಳೆಗಳಲ್ಲಿ ಮಹಾಶೀರಕ್ಕೆ ಅದೇ ಸ್ಥಾನವಿರುವದು. ಟ್ರೌಟ್ ಹಿಂದುಸ್ಥಾನದ ಸ್ವಂತ ಮೀನಲ್ಲ. ಅದನ್ನು ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತರಿಸಿ ಕಾಶ್ಮೀರದ ಹಾಗೂ ನೀಲಗಿರಿಯ ತಣ್ಣೀರಿನಲ್ಲಿ ಬಿಟ್ಟರು. ಬೆಳಗಾವಿ ಜಿಲ್ಲೆಯ ಬೇಸಿಗೆಯ ನೀರಿನಲ್ಲಿ ಅದು ಬದುಕಲಾರದು. ಆದರೆ ಎರಡೂ ಮೀನುಗಳು ಬೇಡುವದು ಒಂದೇ: ಹರಿಯುವ ತಿಳಿನೀರು, ಗರಸಿನ ತಳ, ನೀರಿನಲ್ಲಿ ಕರಗಿರುವ ಸಾಕಷ್ಟು ಪ್ರಾಣವಾಯು. ಈ ಮೂರರಲ್ಲಿ ಒಂದು ತಪ್ಪಿದರೂ ಎರಡೂ ಕ್ಷೀಣಿಸುವವು. ಆದ್ದರಿಂದ ಅನ್ಯದೇಶಗಳವರು ತಮ್ಮ ಟ್ರೌಟ್ ಮೀನನ್ನು ಕಾಯುವದರಲ್ಲಿ ಕಲಿತ ಪಾಠವು ಮಹಾಶೀರಕ್ಕೂ ಅನ್ವಯಿಸುವದು.

ಮಹಾಶೀರದಲ್ಲಿ ಹಲವು ಜಾತಿಗಳುಂಟು. ಕೃಷ್ಣೆಯ ಕೂಟದ ಜಾತಿಗೆ ಶಾಸ್ತ್ರಜ್ಞರು ಟೋರ್ ಖುದ್ರೀ ಎಂದು ಹೆಸರಿಟ್ಟಿರುವರು. ಸೈಕ್ಸ್ ಎಂಬ ಸೈನ್ಯಾಧಿಕಾರಿಯು ಪುಣೆಯ ಹತ್ತಿರದ ಮುಳಾ-ಮುಠಾ ಹೊಳೆಯ ಮೀನನ್ನು ಪರೀಕ್ಷಿಸಿ 1839ರಲ್ಲಿ ಇದನ್ನು ವರ್ಣಿಸಿದನು. ಆ ಹೊಳೆಯ ನೀರೂ ಭೀಮೆಯ ಮೂಲಕ ಕೃಷ್ಣೆಯನ್ನೇ ಸೇರುವದು.

ಇದನ್ನು ಗುರುತಿಸುವದು ಕಠಿಣವಲ್ಲ. ಮೈಯು ನೀಳವಾಗಿ, ಬೆನ್ನು ಕಪ್ಪಗೆ, ಪಕ್ಕಗಳು ಬೆಳ್ಳಿಯ ಮೇಲೆ ಹೊಂಬಣ್ಣವೇರಿದಂತೆ ಇರುವವು. ರೆಕ್ಕೆಗಳಲ್ಲಿ ನೀಲಿಯ ಛಾಯೆಯುಂಟು. ಬಾಯಿಯ ಅಕ್ಕಪಕ್ಕದಲ್ಲಿ ಎರಡು ಜೊತೆ ಮೀಸೆಗಳಿರುವವು, ತುಟಿಗಳು ದಪ್ಪವಾಗಿರುವವು. ಎಲ್ಲಕ್ಕೂ ಮುಖ್ಯವಾದ ಗುರುತೆಂದರೆ ಹುರುಪೆಯ ದೊಡ್ಡ ಗಾತ್ರ. ಕಿವಿರಿನಿಂದ ಬಾಲದವರೆಗೆ ಪಕ್ಕದ ಗೆರೆಯ ಮೇಲೆ ಎಣಿಸಿದರೆ ಸುಮಾರು 25ರಿಂದ 27 ಹುರುಪೆಗಳು ಮಾತ್ರ ಸಿಕ್ಕುವವು. ಪೇಟೆಗೆ ಬರುವ ರೋಹು ಮೀನಿನಲ್ಲಿ ಅದೇ ಸಾಲಿನಲ್ಲಿ 40ಕ್ಕೆ ಕಡಿಮೆಯಿಲ್ಲದೆ ಇರುವವು. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗೆ ಬಲವಾದ ಹಲ್ಲುಗಳಿದ್ದು, ಅವುಗಳಿಂದ ಏಡಿಯನ್ನೂ ಶಂಖದ ಹುಳುವನ್ನೂ ಅದು ನುಚ್ಚುನೂರು ಮಾಡುವದು.

ಆಹಾರದಲ್ಲಿ ಇದಕ್ಕೆ ಬೇಧವಿಲ್ಲ. ನೀರಿನ ಹುಳು, ಏಡಿ, ಸಣ್ಣ ಮೀನು, ಪಾಚಿ ಇವುಗಳಲ್ಲದೆ ದಂಡೆಯ ಗಿಡದಿಂದ ಉದುರುವ ಅತ್ತಿ, ನೇರಳೆಯ ಹಣ್ಣುಗಳನ್ನೂ ತಿನ್ನುವದು. ಅಂದಮೇಲೆ ದಂಡೆಯ ಗಿಡ ಕಡಿದವನು ಮೀನಿನ ಉಗ್ರಾಣಕ್ಕೂ ಕೊಡಲಿ ಹಾಕಿದಂತಾಯಿತು.

ತತ್ತಿಯಿಂದ ಮೀನಿನವರೆಗೆ

ಈ ಮೀನಿನ ವರ್ಷದಲ್ಲಿ ಎರಡು ಕಾಲಗಳು ಮುಖ್ಯವಾದವು. ಒಂದು ಬೇಸಿಗೆ, ಇನ್ನೊಂದು ಮಳೆಗಾಲ. ಬೇಸಿಗೆಯಲ್ಲಿ ಅದು ಮಡುವನ್ನು ಆಶ್ರಯಿಸುವದು. ಮಳೆಗಾಲದಲ್ಲಿ ಗರಸನ್ನು ಹುಡುಕಿಕೊಂಡು ಹೋಗುವದು. ಈ ಎರಡು ಸ್ಥಳಗಳನ್ನು ಬಲ್ಲವನು ಮಹಾಶೀರದ ಸಂಸಾರವನ್ನೆಲ್ಲ ಬಲ್ಲವನೇ.

ಮೃಗಶಿರಾ ಮಳೆ ಸುರಿದು, ಆರಿದ್ರಾ ಪುನರ್ವಸುಗಳಲ್ಲಿ ಹೊಳೆ ಏರತೊಡಗಿದ ಕೂಡಲೆ ಬಲಿತ ಮೀನುಗಳು ಮಡುವನ್ನು ಬಿಟ್ಟು ಪ್ರವಾಹಕ್ಕೆ ಎದುರಾಗಿ ಮೇಲೆ ಸಾಗುವವು. ದೊಡ್ಡ ಹೊಳೆಯ ನೀರು ಆಗ ಕೆಂಪಾಗಿ ರಾಡಿಯಾಗಿರುವದು. ಆ ರಾಡಿಯಲ್ಲಿ ತತ್ತಿ ಇಟ್ಟರೆ ಮಣ್ಣು ಕುಳಿತು ಅವು ಉಸಿರುಗಟ್ಟುವವು. ಆದ್ದರಿಂದ ಮೀನು ಉಪನದಿಗಳನ್ನೂ ಹಳ್ಳಗಳನ್ನೂ ಹೊಕ್ಕು, ತಿಳಿಯಾದ ನೀರು ಹರಳುಗಲ್ಲಿನ ಮೇಲೆ ಹರಿಯುವ ಸ್ಥಳವನ್ನು ಆರಿಸಿಕೊಳ್ಳುವದು. ನೆರೆ ಇಳಿದು ನೀರು ತಿಳಿಯಾಗುವ ನಡುನಡುವಿನ ಕಾಲದಲ್ಲಿ, ಒಂದೇ ಸಲಕ್ಕಲ್ಲದೆ ಹಲವು ಕಂತುಗಳಲ್ಲಿ ತತ್ತಿ ಇಡುವದು. ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ ಮಳೆಗಳ ಕಾಲವು ಇದಕ್ಕೆ ಮುಖ್ಯವಾದದ್ದು.

ಇಲ್ಲಿ ಒಂದು ಲೆಕ್ಕವನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ಕಟ್ಲಾ, ರೋಹು ಮೊದಲಾದ ಕೆರೆಯ ಮೀನುಗಳು ಮೈಯ ತೂಕದ ಪ್ರತಿ ಕಿಲೋಗ್ರಾಮಿಗೆ ಲಕ್ಷಕ್ಕೆ ಮೇಲ್ಪಟ್ಟು ತತ್ತಿ ಇಡುವವು. ಮಹಾಶೀರವು ಅಷ್ಟೇ ತೂಕಕ್ಕೆ ಕೆಲವು ಸಾವಿರ ತತ್ತಿಗಳನ್ನು ಮಾತ್ರ ಇಡುವದು. ಕೆರೆಯ ಮೀನಿನ ತತ್ತಿ ಒಂದು ದಿನದೊಳಗೆ ಒಡೆದು ಮರಿಯಾಗುವದು. ಮಹಾಶೀರದ ತತ್ತಿಗೆ ಮೂರು ನಾಲ್ಕು ದಿವಸ ಬೇಕು. ಒಡೆದ ಮೇಲೆಯೂ ಮರಿಯು ಕೂಡಲೆ ಈಜಲಾರದು. ಹೊಟ್ಟೆಗೆ ಅಂಟಿದ ಹಳದಿಯ ಚೀಲವು ಕರಗುವವರೆಗೆ, ಅಂದರೆ ಸುಮಾರು ಒಂದು ವಾರ ಅಥವಾ ಇನ್ನೂ ಹೆಚ್ಚು ಕಾಲ, ಅದು ಬೆಳಕಿಗೆ ಅಂಜಿ ಹರಳುಗಳ ಸಂದಿಯಲ್ಲಿ ಅಡಗಿರುವದು. ಹೀಗೆ ಸುಮಾರು ಎರಡು ವಾರ ಕಾಲ ಇಡೀ ಪೀಳಿಗೆಯು ಒಂದು ಗೇಣು ದಪ್ಪದ ಗರಸಿನೊಳಗೆ ಇರುವದು. ಆ ಎರಡು ವಾರಗಳಲ್ಲಿ ಆ ಗರಸನ್ನು ಗಾಡಿಯಿಂದ ತುಳಿಸಿದರೆ, ಯಂತ್ರದಿಂದ ಬಾಚಿದರೆ, ಅಥವಾ ಹೊಲದ ಮಣ್ಣು ಬಂದು ಅದರ ಮೇಲೆ ಕುಳಿತರೆ, ಆ ವರ್ಷದ ಬೆಳೆ ಹೋದಂತೆಯೇ.

ಮೇಲಾಗಿ ಹೆಣ್ಣುಮೀನು ತತ್ತಿ ಇಡುವ ವಯಸ್ಸಿಗೆ ಬರಲು ಕೆಲವು ವರ್ಷ ಹಿಡಿಯುವದು. ತತ್ತಿ ಕಡಿಮೆ, ಬಲಿಯುವದು ನಿಧಾನ. ಇಂಥ ಪ್ರಾಣಿಯನ್ನು ಮೊಲದ ಲೆಕ್ಕದಲ್ಲಿ ಎಣಿಸದೆ ಎಮ್ಮೆಯ ಲೆಕ್ಕದಲ್ಲಿ ಎಣಿಸಬೇಕು. ಗಬ್ಬದ ಎಮ್ಮೆಯನ್ನು ಯಾವ ಒಕ್ಕಲಿಗನೂ ಕಸಾಯಿಗೆ ಮಾರನು. ಆರಿದ್ರಾ ಮಳೆಯಲ್ಲಿ ಹಳ್ಳದ ಬಾಯಿಗೆ ಕೂಳಿ ಇಟ್ಟು ಮೇಲೇರುವ ಮೀನನ್ನು ಹಿಡಿಯುವವನು ಅದೇ ಕೆಲಸವನ್ನು ಮಾಡುತ್ತಿರುವನು.

ಘಟಪ್ರಭೆಯ ಮೂರು ಮೆಟ್ಟಿಲುಗಳು

ಮೇಲೆ ಹೇಳಿದ ಸಂಗತಿಯನ್ನು ಈ ಮೂರು ತಾಲೂಕುಗಳ ಹೊಳೆಗೆ ಹೊಂದಿಸಿ ನೋಡತಕ್ಕದ್ದು. ಮೀನು ಮೇಲಕ್ಕೆ ಹೋಗಬೇಕು. ಆದರೆ ಈ ಹೊಳೆಯಲ್ಲಿ ಮೇಲಕ್ಕೆ ಹೋಗುವ ದಾರಿಗೆ ಮೂರು ದೊಡ್ಡ ತಡೆಗಳಿರುವವು.

ಮೊದಲನೆಯದು ಸೃಷ್ಟಿಯೇ ಇಟ್ಟದ್ದು. ಗೋಕಾಕದ ಹತ್ತಿರ ಘಟಪ್ರಭೆಯು ಸುಮಾರು 52 ಮೀಟರು, ಅಂದರೆ 170 ಅಡಿ, ಎತ್ತರದಿಂದ ಧುಮುಕುವದು. ಈ ದಬದಬೆಯನ್ನು ಯಾವ ಮೀನೂ ಏರಲಾರದು. ಎರಡನೆಯದು ಅದಕ್ಕಿಂತ ಮೇಲಿರುವ ಧೂಪದಾಳದ ಒಡ್ಡು. ಇದು ಗೋಕಾಕ ಕಾಲುವೆಯ ಸಲುವಾಗಿ ಕಟ್ಟಲ್ಪಟ್ಟು 1897ರಲ್ಲಿ ಮುಗಿಯಿತು. ಮೂರನೆಯದು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 1977ರಲ್ಲಿ ಪೂರ್ಣವಾದ ರಾಜಾ ಲಖಮಗೌಡ ಆಣೆಕಟ್ಟು. ಇದರ ಎತ್ತರ ಸುಮಾರು 62 ಮೀಟರು. ಇದರಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುವದು.

ಈ ಕಟ್ಟಡಗಳಿಂದ ನಾಡಿಗೆ ಆದ ಉಪಕಾರವನ್ನು ವರ್ಣಿಸುವ ಕಾರಣವಿಲ್ಲ. ಕಬ್ಬು, ಗೋವಿನಜೋಳ, ಗೋಧಿಗಳ ಹೊಲಗಳೇ ಅದಕ್ಕೆ ಸಾಕ್ಷಿ. ಅವುಗಳನ್ನು ತೆಗೆಯಬೇಕೆಂದು ಯಾರೂ ಹೇಳುವದಿಲ್ಲ. ಆದರೆ ಅವುಗಳಿಂದ ಮೀನಿನ ಸಂಸಾರವು ತುಂಡು ತುಂಡಾಗಿದೆ ಎಂಬದನ್ನು ತಿಳಿದುಕೊಳ್ಳಲೇಬೇಕು.

ಮೊದಲನೆಯ ತುಂಡು ಹಿಡಕಲ್ಲಿನ ಜಲಾಶಯ ಮತ್ತು ಅದರ ಮೇಲಿನ ಹೊಳೆ. ಎರಡನೆಯದು ಹಿಡಕಲ್ಲಿನಿಂದ ಧೂಪದಾಳದವರೆಗಿನ ಹೊಳೆ. ಇಲ್ಲಿಯ ಮೀನು ನೇರವಾಗಿ ಮೇಲೆ ಹೋಗಲಾರದು. ಆದರೆ ಅದಕ್ಕೆ ಹಿರಣ್ಯಕೇಶಿಯು ತೆರೆದ ಬಾಗಿಲಾಗಿರುವದು. ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ ಬರುವ ಈ ಹೊಳೆಯು ಧೂಪದಾಳಕ್ಕಿಂತ ಮೇಲೆಯೇ ಘಟಪ್ರಭೆಯನ್ನು ಕೂಡುವದು. ಮೂರನೆಯದು ಧೂಪದಾಳಕ್ಕೂ ಜಲಪಾತಕ್ಕೂ ನಡುವಿನ ಗಿಡ್ಡ ತುಂಡು. ನಾಲ್ಕನೆಯದು ಜಲಪಾತದ ಕೆಳಗೆ ಗೋಕಾಕದಿಂದ ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿಗಳ ಕಡೆಗೆ ಸಾಗುವ ಹೊಳೆ. ಇಲ್ಲಿಯ ಮೀನಿಗೆ ಗೋಕಾಕದ ಬಳಿ ಬಂದು ಕೂಡುವ ಮಾರ್ಕಂಡೇಯವೂ ಸಣ್ಣ ಹಳ್ಳಗಳೂ ಮಾತ್ರ ಏರುವ ದಾರಿಗಳು.

ಇದರಿಂದ ಒಂದು ಗಂಭೀರವಾದ ಮಾತು ಸಿದ್ಧವಾಗುವದು. ಮೇಲಿನ ಮೀನು ನೆರೆಯಲ್ಲಿ ತೇಲಿ ಕೆಳಗೆ ಬರಬಹುದು. ಕೆಳಗಿನದು ಮೇಲೆ ಹೋಗಲಾರದು. ಮೂಡಲಗಿಯ ಕಡೆಯ ಮೀನು ಕಡಿಮೆಯಾದರೆ ಗೋಕಾಕ, ಹುಕ್ಕೇರಿಗಳ ಹೊಳೆಯು ಅದನ್ನು ತುಂಬಿಕೊಟ್ಟೀತು. ಹುಕ್ಕೇರಿಯ ಮೀನು ಒಮ್ಮೆ ನಾಶವಾದರೆ ಮೂಡಲಗಿಯು ಅದನ್ನು ಮರಳಿ ಕೊಡಲಾರದು. ಬೀಜದ ಕಣಜವು ಮೇಲಿನ ಊರುಗಳಲ್ಲಿ ಇರುವದು. ಅದರ ಕಾವಲು ಹುಕ್ಕೇರಿ ತಾಲೂಕಿನವರ ಪಾಲಿಗೆ, ವಿಶೇಷವಾಗಿ ಹಿರಣ್ಯಕೇಶಿಯ ದಂಡೆಯವರ ಪಾಲಿಗೆ, ಬಂದಿರುವದು.

ಹಿರಣ್ಯಕೇಶಿಯ ಮಹತ್ವವನ್ನು ತೋರಿಸುವ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳತಕ್ಕದ್ದು. ಅಂಬೋಲಿಯಲ್ಲಿ ಈ ಹೊಳೆ ಹುಟ್ಟುವ ಮಹಾದೇವರ ಗುಡಿಯ ಕೊಳದಲ್ಲಿ ಉಸುಕು ಹರಳುಗಳ ನಡುವೆ ವಾಸಿಸುವ, ಬೆರಳಿಗಿಂತ ಸಣ್ಣದಾದ ಒಂದು ಮೀನು ಸಿಕ್ಕಿತು. ಅದು ಹೊಸ ಜಾತಿಯೆಂದು ಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೊಳೆಯ ಹೆಸರನ್ನೇ ಅದಕ್ಕಿಟ್ಟರು. ಮಹಾರಾಷ್ಟ್ರ ಸರಕಾರವು 2021ರಲ್ಲಿ ಆ ಸ್ಥಳವನ್ನು ಜೀವವೈವಿಧ್ಯದ ಪರಂಪರೆಯ ತಾಣವೆಂದು ಸಾರಿತು. ಜನರು ದಿನಾಲು ಕೈಕಾಲು ತೊಳೆಯುವ ನೀರಿನಲ್ಲಿಯೂ ಯಾರೂ ಅರಿಯದ ಸಂಪತ್ತು ಇರಬಹುದೆಂಬದಕ್ಕೆ ಇದೇ ನಿದರ್ಶನ.

ಕೇಡು ಬರುವ ದಾರಿಗಳು

ಆಣೆಕಟ್ಟುಗಳು ಮೀನನ್ನು ಇಕ್ಕಟ್ಟಿಗೆ ಒಳಪಡಿಸಿವೆ. ಇಕ್ಕಟ್ಟಿನಲ್ಲಿ ಉಳಿದದ್ದನ್ನು ಕೊಲ್ಲುವ ಕೆಲಸಗಳು ಬೇರೆ ಇರುವವು.

ಮೊದಲನೆಯದು ವಿಷ ಮತ್ತು ಸಿಡಿಮದ್ದು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳು ಮಾತ್ರ ಉಳಿದಾಗ ಹಲವು ಹರಿದಾರಿಗಳ ಮೀನೆಲ್ಲ ಒಂದೇ ಮಡುವಿನಲ್ಲಿ ಕೂಡಿರುವದು. ಅದರೊಳಗೆ ಒಂದು ತೋಟೆ ಸಿಡಿಸಿದರೆ, ಕ್ರಿಮಿನಾಶಕವನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಸುರಿದರೆ, ಅಥವಾ ವಿದ್ಯುತ್ತಿನ ತಂತಿ ಇಳಿಸಿದರೆ, ದೊಡ್ಡದು ಸಣ್ಣದೆನ್ನದೆ ಸಾಯುವದು. ಹಿಡಿದವನ ಬುಟ್ಟಿಗೆ ಬರುವದು ಕೆಲವು. ತಳದಲ್ಲಿ ಕೊಳೆಯುವದು ಹಲವು. ಅದೇ ನೀರನ್ನು ಮಾರನೆಯ ದಿವಸ ದನಕರುಗಳು ಕುಡಿಯುವವು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವದು ಅಪರಾಧವೆಂದು 1897ರ ಹಿಂದುಸ್ಥಾನದ ಮೀನುಗಾರಿಕೆಯ ಕಾಯಿದೆಯೇ ಸಾರಿತ್ತು. ಧೂಪದಾಳದ ಒಡ್ಡು ಮುಗಿದದ್ದೂ ಈ ಕಾಯಿದೆ ಹುಟ್ಟಿದ್ದೂ ಒಂದೇ ವರ್ಷದಲ್ಲಿ. ಕಾಯಿದೆಗೆ ಅಷ್ಟು ವಯಸ್ಸಾಗಿದ್ದರೂ ಮಡುವಿನ ದಂಡೆಯಲ್ಲಿ ನಿಂತು ಅದನ್ನು ನಡೆಯಿಸುವವರು ಊರವರ ಹೊರತು ಮತ್ತಾರೂ ಇಲ್ಲ.

ಎರಡನೆಯದು ನೀರಿನ ಪ್ರಾಣವಾಯುವಿನ ಕೊರತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ ಕರಗುವದು. 20 ಅಂಶದ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಮನ್ನು ಹಿಡಿದರೆ 30 ಅಂಶದಲ್ಲಿ ಸುಮಾರು ಏಳೂವರೆಯನ್ನು ಮಾತ್ರ ಹಿಡಿಯುವದು. ಇಂಥ ಮೀನಿಗೆ 5 ಮಿಲಿಗ್ರಾಮಿನ ಕೆಳಗೆ ಇಳಿಯದಂತೆ ಇರಬೇಕು. ಎಂದ ಮೇಲೆ ಬೇಸಿಗೆಯ ಮಡುವಿನಲ್ಲಿ ಉಳಿಯುವ ಅಂತರ ಬಹಳ ಸಣ್ಣದು. ಅದರೊಳಗೆ ಊರ ಚರಂಡಿಯ ನೀರಾಗಲಿ ಕಾರಖಾನೆಯ ಹೊಲಸು ನೀರಾಗಲಿ ಸೇರಿದರೆ, ಆ ಹೊಲಸು ಕೊಳೆಯುವಾಗ ಇದ್ದ ಪ್ರಾಣವಾಯುವನ್ನೆಲ್ಲ ನುಂಗಿಬಿಡುವದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ನೀರು ಊರ ಚರಂಡಿಯ ನೀರಿಗಿಂತ ನೂರು ಪಟ್ಟಿಗೂ ಹೆಚ್ಚು ಪ್ರಾಣವಾಯುವನ್ನು ಬೇಡುವದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮಡುವು ಉಸಿರುಗಟ್ಟಿದೆಯೆಂದು ತಿಳಿಯತಕ್ಕದ್ದು.

ಮೂರನೆಯದು ಉಸುಕು, ಗರಸುಗಳನ್ನು ಬಾಚುವದು. ಉಸುಕು ಹೋದರೆ ಮಡು ಆಳವಾಗುವದು, ಮೀನಿಗೆ ಒಳ್ಳೆಯದೆಂದು ಕೆಲವರು ವಾದಿಸುವದುಂಟು. ಅದು ಸರಿಯಲ್ಲ. ತತ್ತಿ ಇಡುವ ಗರಸು ಹೋದ ಮೇಲೆ ಆಳದ ಮಡುವು ತೊಟ್ಟಿಲಿಲ್ಲದ ಮನೆಯಂತೆ ಆಗುವದು. ಮೇಲಾಗಿ ದಂಡೆ ಕುಸಿದು ಹೊಲದ ಅಂಚೂ ಹೋಗುವದು. ಆ ಮಣ್ಣು ಕೆಳಗಿನ ಗರಸಿನ ಮೇಲೆ ಕುಳಿತು ಅಲ್ಲಿಯ ತತ್ತಿಯನ್ನೂ ಕೊಲ್ಲುವದು.

ನಾಲ್ಕನೆಯದು ಅನ್ಯ ಮೀನುಗಳು. 1952ರಲ್ಲಿ ಹಿಂದುಸ್ಥಾನಕ್ಕೆ ಬಂದ ತಿಲಾಪಿಯಾ ಎಂಬದು ಕೆರೆ ಹೊಳೆಗಳಲ್ಲೆಲ್ಲ ಹಬ್ಬಿರುವದು. ಆಫ್ರಿಕದ ಮುರುಗೋಡು ಸಿಕ್ಕದ್ದನ್ನೆಲ್ಲ ತಿನ್ನುವ ಜಾತಿ. ಅದರ ಸಾಕಣೆಯನ್ನು ಕೇಂದ್ರ ಸರಕಾರವು 2000ರಲ್ಲಿಯೇ ನಿಷೇಧಿಸಿತು. ಹೊಂಡದಲ್ಲಿ ಸಾಕಿದ್ದು ನೆರೆಯಲ್ಲಿ ಹೊಳೆಗೆ ಹೋಯಿತೆಂದರೆ ಮರಳಿ ಹಿಡಿಯುವ ಉಪಾಯವಿಲ್ಲ.

ಮರಿ ಬಿಟ್ಟರೆ ಸಾಲದೆ?

ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು ಎಂಬದು ಸಾಮಾನ್ಯವಾಗಿ ಕೇಳಿಬರುವ ಮಾತು. ಕೆರೆಗೂ ಜಲಾಶಯಕ್ಕೂ ಆ ಮಾತು ಕೆಲಮಟ್ಟಿಗೆ ಸರಿ. ಹರಿಯುವ ಹೊಳೆಗೆ ಅದು ಯಾವಾಗಲೂ ಹೊಂದದು. ಇದಕ್ಕೆ ಎರಡು ನಿದರ್ಶನಗಳು ಸಾಕು.

ಲೋಣಾವಳದ ಹತ್ತಿರದ ವಳವಣದಲ್ಲಿ ಟಾಟಾ ಕಂಪನಿಯವರು 1970ರ ದಶಕದಿಂದ ಟೋರ್ ಖುದ್ರೀ ಮಹಾಶೀರದ ತತ್ತಿಯನ್ನು ಕೈಯಿಂದ ತೆಗೆದು ಮರಿ ಮಾಡುವ ವಿದ್ಯೆಯನ್ನು ಬೆಳೆಯಿಸಿದರು. ಆ ಕೆಲಸವು ಮೆಚ್ಚತಕ್ಕದ್ದೇ. ಆದರೆ ಆ ಮರಿಗಳನ್ನು ಅವುಗಳ ಸ್ವಂತದ್ದಲ್ಲದ ಕಾವೇರಿಯಲ್ಲಿಯೂ ಬಿಡಲಾಯಿತು. ಕಾವೇರಿಗೆ ಅದರದೇ ಆದ ಡುಬ್ಬದ ಮಹಾಶೀರವಿತ್ತು. ಹೊರಗಿನಿಂದ ಬಂದದ್ದು ಹೆಚ್ಚಿದಂತೆ ಸ್ವಂತದ್ದು ಕ್ಷೀಣಿಸುತ್ತ ಬಂದಿತು. 2018ರಲ್ಲಿ ಶಾಸ್ತ್ರಜ್ಞರು ಆ ಡುಬ್ಬದ ಮೀನನ್ನು ಟೋರ್ ರೆಮಾದೇವಿಯೈ ಎಂದು ನಿರ್ಧರಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು. ಹೆಸರು ನಿಶ್ಚಯವಾಗುವಷ್ಟರಲ್ಲಿ ಮೀನೇ ಹೋಗುವ ಹೊತ್ತಾಗಿತ್ತು. ಒಂದು ಹೊಳೆಗೆ ಸ್ವಂತವಾದದ್ದು ಇನ್ನೊಂದು ಹೊಳೆಗೆ ಪರಕೀಯವಾಗಬಹುದೆಂಬದು ಇದರ ತಾತ್ಪರ್ಯ.

ಎರಡನೆಯ ನಿದರ್ಶನವು ಅಮೇರಿಕದ ಮೊಂಟಾನಾ ಸಂಸ್ಥಾನದ್ದು. ಅಲ್ಲಿಯ ಹೊಳೆಗಳಿಗೆ ಸರಕಾರದವರು ವರ್ಷವರ್ಷವೂ ಸಾಕಿದ ಟ್ರೌಟ್ ಮೀನು ಬಿಡುತ್ತಿದ್ದರು. ಮ್ಯಾಡಿಸನ್ ನದಿಯಲ್ಲಿ ಪರೀಕ್ಷೆ ಮಾಡಿ ನೋಡಲಾಗಿ, ಬಿಡುವದನ್ನು ನಿಲ್ಲಿಸಿದ ಭಾಗದಲ್ಲಿ ಹೊಳೆಯಲ್ಲಿಯೇ ಹುಟ್ಟಿದ ಟ್ರೌಟ್ ಹೆಚ್ಚಿತು. ಸಾಕಿದ ಮೀನು ಹೊಳೆಯ ಮೀನನ್ನು ನೆಲೆಗೆಡಿಸಿ, ಕೊನೆಗೆ ತಾನೂ ಬಾಳುತ್ತಿರಲಿಲ್ಲ. ಸ್ವಂತವಾಗಿ ಹುಟ್ಟಿ ಬೆಳೆಯುವ ಟ್ರೌಟ್ ಇರುವ ಹೊಳೆಗಳಿಗೆ ಸಾಕಿದ್ದನ್ನು ಬಿಡುವದನ್ನು ಆ ಸಂಸ್ಥಾನವು 1974ರಲ್ಲಿ ನಿಲ್ಲಿಸಿತು. ಮೀನಿಗೆ ವೆಚ್ಚ ಮಾಡುವದಕ್ಕಿಂತ ಹೊಳೆಗೆ ವೆಚ್ಚ ಮಾಡುವದು ಲೇಸೆಂದು ಅವರು ಕಂಡುಕೊಂಡರು.

ಘಟಪ್ರಭೆಯಲ್ಲಿಯೂ ಇದೇ ನ್ಯಾಯ. ಮರಿ ಬಿಡಬೇಕಾದರೆ ಕೃಷ್ಣೆಯ ಕೂಟದ ಜಾತಿಯದನ್ನೇ, ಮೀನುಗಾರಿಕೆ ಖಾತೆಯವರ ಸಲಹೆಯ ಮೇರೆಗೆ ಬಿಡತಕ್ಕದ್ದು. ಆದರೆ ಮಡುವನ್ನೂ ಗರಸನ್ನೂ ಕಾಯದೆ ಮರಿ ಬಿಡುವದು ತೂತು ಬಿದ್ದ ಕಣಜದಲ್ಲಿ ಕಾಳು ಸುರಿದಂತೆ.

ಊರವರ ಕೈಯಲ್ಲಿರುವ ಉಪಾಯಗಳು

ಮಡು ಕಾಯುವದು ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಹಿಡಿಯುವದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಶಿಶಿಲದಲ್ಲಿ ಕಪಿಲಾ ಹೊಳೆಯ ಮಹಾಶೀರಗಳನ್ನು ದೇವರ ಮೀನೆಂದು ಕಾಯುತ್ತ ಬಂದಿರುವರು. ಅಲ್ಲಿ 1996ರಲ್ಲಿ ದುಷ್ಟರು ನೀರಿಗೆ ವಿಷ ಬೆರೆಸಿ ಅಸಂಖ್ಯ ಮೀನುಗಳನ್ನು ಕೊಂದರು. ಊರವರು ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನು ಕಟ್ಟಿ, ಕಾವಲನ್ನು ಬಿಗಿಮಾಡಿದರು. ಮಡು ಮತ್ತೆ ತುಂಬಿತು. ಮೇಲಿನ ಹೊಳೆಯಲ್ಲಿ ಬೀಜದ ಮೀನು ಉಳಿದಿದ್ದರೆ ಮಾತ್ರ ಹೀಗೆ ತುಂಬುವದು ಸಾಧ್ಯವೆಂಬದನ್ನು ಮರೆಯಬಾರದು.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹೊಳೆಸಾಲಿನ ಊರುಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಪ್ರತಿ ಊರಿನವರು ತಮ್ಮ ಸೀಮೆಯಲ್ಲಿ ಬೇಸಿಗೆಗೂ ಬತ್ತದ ಒಂದು ಮಡುವನ್ನು ಆರಿಸಿ, ಅದರಲ್ಲಿ ಯಾರೂ ಬಲೆ, ಗಾಳ ಹಾಕತಕ್ಕದ್ದಲ್ಲವೆಂದು ಗ್ರಾಮಸಭೆಯಲ್ಲಿ ಠರಾವು ಮಾಡತಕ್ಕದ್ದು. ಉಳಿದ ನೀರು ಅಂಬಿಗರ ಜೀವನಕ್ಕೆ ಇರಲಿ. ಕಾದಿಟ್ಟ ಮಡುವಿನಿಂದ ಹೊರಬರುವ ಮೀನು ಅವರ ಬಲೆಗೇ ಸೇರುವದು. ಆದ್ದರಿಂದ ಮಡುವನ್ನು ಆರಿಸುವಾಗ ಅವರ ಹಿರಿಯರನ್ನು ಕೇಳಿಯೇ ಆರಿಸತಕ್ಕದ್ದು. ಮೀನು ಎಲ್ಲಿ ನಿಲ್ಲುವದೆಂಬದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

2. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಗಿಡ, ಪ್ರಾಣಿ, ಮೀನುಗಳ ದಾಖಲೆಯನ್ನು ಇಡುವದು ಅದರ ಕೆಲಸ. ಆ ದಾಖಲೆಯಲ್ಲಿ ಮಡುಗಳ ಹೆಸರು, ಗರಸಿನ ಸ್ಥಳ, ಕಂಡ ಮೀನಿನ ಜಾತಿ ಇವುಗಳನ್ನು ಬರೆಯಿಸತಕ್ಕದ್ದು. ಉಸುಕಿನ ಗುತ್ತಿಗೆಯ ಪ್ರಶ್ನೆ ಬಂದಾಗ ಬಾಯಿಮಾತಿಗಿಂತ ಈ ಬರಹವು ಬಲವಾದ ಆಧಾರವಾಗುವದು.

3. ಕೊಲ್ಲಾಪುರ ಮಾದರಿಯ ಬಂಧಾರಗಳ ಹಲಗೆಗಳನ್ನು ಮೃಗಶಿರಾ ಮಳೆಗೆ ಮುಂಚೆಯೇ ತೆಗೆಯಿಸತಕ್ಕದ್ದು. ತಡಮಾಡಿದರೆ ಮೊದಲ ನೆರೆಗೆ ಏರಬೇಕಾದ ಮೀನು ಹಲಗೆಯ ಕೆಳಗೆ ಕೂಡಿ ಬಲೆಗೆ ಬೀಳುವದು. ಬಂಧಾರಕ್ಕೂ ನೆರೆಯ ಒತ್ತಡದಿಂದ ಅಪಾಯ. ಮಳೆ ಮುಗಿದು ಹಲಗೆ ಇಳಿಸುವಾಗ ಕೆಳಗಿನ ಮಡುವಿಗೆ ಕೊಂಚ ನೀರಾದರೂ ಹರಿಯುವಂತೆ ಬಿಡುವದು ಒಳಿತು.

4. ದಂಡೆಯ ಜಮೀನುದಾರರು ಹೊಳೆಯ ಅಂಚಿನವರೆಗೆ ನೇಗಿಲು ಹೂಡದೆ ಒಂದು ಪಟ್ಟಿಯನ್ನು ಬೀಳು ಬಿಟ್ಟು, ಅದರಲ್ಲಿ ಅತ್ತಿ, ನೇರಳೆ, ಹೊಳೆಮತ್ತಿ ಗಿಡಗಳನ್ನು ಹಚ್ಚತಕ್ಕದ್ದು. ಗಿಡದ ಬೇರು ದಂಡೆಯನ್ನು ಹಿಡಿಯುವದು, ನೆರಳು ಮಡುವನ್ನು ತಂಪಿಡುವದು, ಹಣ್ಣು ಮೀನಿಗೆ ಆಹಾರವಾಗುವದು. ನೆರೆಯಲ್ಲಿ ಕೊಚ್ಚಿಹೋಗುವ ಒಂದು ಸಾಲು ಕಬ್ಬಿಗಿಂತ ದಂಡೆಯ ಈ ಬೇಲಿಯು ಹೊಲಕ್ಕೂ ಲಾಭದಾಯಕ.

5. ಕ್ರಿಮಿನಾಶಕದ ಡಬ್ಬಿ, ಪಂಪುಗಳನ್ನು ಹೊಳೆಯಲ್ಲಿ ತೊಳೆಯಬಾರದು. ತೊಳೆದ ನೀರನ್ನು ಹೊಲದಲ್ಲಿಯೇ ಚೆಲ್ಲತಕ್ಕದ್ದು.

6. ಮೀನು ರಾಶಿಯಾಗಿ ಸತ್ತು ತೇಲಿದರೆ ಅದನ್ನು ಆರಿಸಿ ತಿನ್ನಲಾಗದು, ದನಗಳನ್ನು ನೀರಿಗೆ ಬಿಡಲಾಗದು. ಕೂಡಲೆ ಶುಚಿಯಾದ ಶೀಸೆಯಲ್ಲಿ ನೀರನ್ನು ತುಂಬಿ, ದಿನ ವೇಳೆ ಸ್ಥಳಗಳನ್ನು ಬರೆದು, ಪಂಚರ ಸಹಿಯೊಂದಿಗೆ ಮೀನುಗಾರಿಕೆ ಖಾತೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ವರದಿ ಕೊಡತಕ್ಕದ್ದು. ಎರಡು ದಿವಸ ಕಳೆದರೆ ಹೊಳೆಯು ಸಾಕ್ಷಿಯನ್ನು ತಾನೇ ತೊಳೆದುಬಿಡುವದು.

7. ಆಫ್ರಿಕದ ಮುರುಗೋಡನ್ನು ಹೊಂಡದಲ್ಲಿ ಸಾಕುವವರಿಗೆ ಊರಲ್ಲಿ ಆಸ್ಪದ ಕೊಡಬಾರದು.

ಮಳೆಗಳ ಮೇರೆಗೆ ವರ್ಷದ ಕ್ರಮ

ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಮಡುವಿನ ಕಾವಲು ಮುಖ್ಯ. ವಿಷ, ಮದ್ದುಗಳ ಭಯವೂ ಪ್ರಾಣವಾಯುವಿನ ಕೊರತೆಯೂ ಈ ಕಾಲದಲ್ಲಿ ಹೆಚ್ಚು. ಮೃಗಶಿರಾದ ಮುಂಚೆ ಬಂಧಾರದ ಹಲಗೆಗಳು ಹೊರಬರತಕ್ಕದ್ದು. ಆರಿದ್ರಾದಿಂದ ಪುಷ್ಯದವರೆಗೆ ಹಳ್ಳದ ಬಾಯಿಗಳಲ್ಲಿ ಕೂಳಿ, ಅಡ್ಡಬಲೆ ಇಡದಂತೆ ಡಂಗುರ ಹೊಡೆಯಿಸತಕ್ಕದ್ದು. ಸರಕಾರದ ನಿಷೇಧದ ದಿನಗಳನ್ನು ಮೀನುಗಾರಿಕೆ ಖಾತೆಯ ಕಚೇರಿಯಿಂದ ತಿಳಿದುಕೊಂಡು ಅದರೊಡನೆಯೇ ಸಾರತಕ್ಕದ್ದು. ಆಶ್ಲೇಷಾದಿಂದ ಉತ್ತರಾದವರೆಗೆ ಗರಸಿನ ಮೇಲೆ ಗಾಡಿ, ಯಂತ್ರಗಳು ಇಳಿಯಬಾರದು. ಹಸ್ತ ಚಿತ್ತಾಗಳ ಹೊತ್ತಿಗೆ ಮರಿಗಳು ದಂಡೆಯ ತೆಳುನೀರಿನಲ್ಲಿ ಗುಂಪುಗೂಡುವವು. ಆಗ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಎಳೆಯಗೊಡಬಾರದು. ಆಮೇಲೆ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಕಾದಿಟ್ಟ ಮಡುವನ್ನು ಬಿಟ್ಟು, ಬಲಿತ ಮೀನನ್ನು ದೊಡ್ಡ ಕಣ್ಣಿನ ಬಲೆಯಿಂದ ಹಿಡಿಯುವದಕ್ಕೆ ಅಡ್ಡಿಯಿಲ್ಲ.

ಈ ಕ್ರಮದಲ್ಲಿ ಕಠಿಣವಾದದ್ದು ಯಾವದೂ ಇಲ್ಲ. ಹಣವೂ ವಿಶೇಷವಾಗಿ ಬೇಡ. ಬೇಕಾದದ್ದು ದಂಡೆಯ ಮೇಲಿನ ಕಣ್ಣು ಮತ್ತು ಊರಲ್ಲಿ ನಡೆಯುವ ಮಾತು. ಈ ಎರಡೂ ಊರಿನ ಹಿರಿಯರಿಗೂ ಜಮೀನುದಾರರಿಗೂ ಉಂಟು. ಬೇಸಿಗೆಯ ಮಡು ಮತ್ತು ಮಳೆಗಾಲದ ಗರಸು ಈ ಎರಡನ್ನು ಊರವರು ಕಾಯ್ದರೆ ಉಳಿದದ್ದನ್ನು ಮೀನು ತಾನೇ ನೋಡಿಕೊಳ್ಳುವದು.